ಮನೆಗೊಬ್ಬರು

ಗಂಗಣ್ಣ ತನ್ನ ಮದುವೆಯ ಊಟ ಬಿಟ್ಟರೆ ಇನ್ಯಾರ ಮದುವೆಯ ಊಟವನ್ನೂ ಉಂಡಿರಲಿಲ್ಲ.

ದೊಡ್ಡಬೆಳವಂಗಲದ ಸುತ್ತ ಮದುವೆಗಳಿಗೇನೂ ಕೊರತೆಯಿರಲಿಲ್ಲ. ಆದರೆ ಅದು ಯುದ್ಧದ ಕಾಲ. ಅಕ್ಕಿ ಸಿಕ್ಕುವುದೇ ಕಷ್ಟವಾಗಿ, ಮನೆಮಂದಿಯನ್ನೆಲ್ಲ ಕರೆಯುವ ಬದಲು ‘ಮನೆಗೊಬ್ಬರು ಬನ್ನಿ’ ಎನ್ನುವುದು ರೂಢಿಯಾಗಿತ್ತು. ಆ ಒಬ್ಬರು ಯಾವಾಗಲೂ ಅಣ್ಣ ಪಿಳ್ಳಪ್ಪ. ಕೆಲಸ ಹಂಚಿಕೊಂಡಾಗ ಕೊಟ್ಟಿಗೆ, ಸೌದೆ, ನೀರು ತಮ್ಮನಿಗೆ ಬಂದವು. ‘ಹೊರಗಿನ ವ್ಯವಹಾರ’ ಅಣ್ಣನಿಗೆ ಹೋಯಿತು. ಹೊರಗಿನ ವ್ಯವಹಾರವೆಂದರೆ ಬಹುಮಟ್ಟಿಗೆ ಉಣ್ಣುವುದು. ಪಿಳ್ಳಪ್ಪ ಬಾಯಿ ಕೆಂಪಗೆ ಮಾಡಿಕೊಂಡು ಬಂದು ಜಗಲಿಯ ಮೇಲೆ ಒರಗಿ ತೇಗುತ್ತಿದ್ದ. ಸಗಣಿ ಬಾಚುತ್ತಿದ್ದ ಗಂಗಣ್ಣ, ಬಡಿಸಿದ್ದು ಒಬ್ಬಟ್ಟೋ ಪಾಯಸವೋ ಎಂದು ಆ ತೇಗಿನಿಂದಲೇ ಹೇಳಬಲ್ಲವನಾಗಿದ್ದ.

ಒಂದು ಸಂಜೆ ಪಿಳ್ಳಪ್ಪ ಬಿಡದೆ ಮೂರು ಸಲ ತೇಗಿದ. ಗಂಗಣ್ಣ ಸಗಣಿ ಬುಟ್ಟಿಯನ್ನು ಅಂಗಳದ ನಡುವೆ ಕುಕ್ಕಿದ.

“ಅಣ್ಣಾ, ನಾಳೆಯಿಂದ ಕೆಲಸ ಸಮಸಮ ಹಂಚ್ಕೊಳ್ಳಾನ.”

“ಹಂಚೇ ಐತಲ್ಲೋ.”

“ಉಣ್ಣೋ ಕೆಲಸ ಹಂಚಿಲ್ಲ.”

“ಅದೇನ್ ಸುಲಭ ಅಂದ್ಕೊಂಡ್ಯಾ? ಬಿಸ್ಲಲ್ಲಿ ನಡೀಬೇಕು, ಕಂಡೋರ ಪಕ್ಕ ಕೂರ್ಬೇಕು, ಬ್ಯಾಡ ಅಂದ್ರೂ ಬಡಿಸ್ತಾರೆ.”

“ಆ ಕಷ್ಟ ನಂಗೂ ಒಸಿ ಕೊಡು.”

ಪಕ್ಕದ ಮನೆಯ ಅಪ್ಪಯ್ಯಣ್ಣ ಕರೆಯುವ ಮೊದಲೇ ಬಂದು ಕೂತಿದ್ದ. ಜಗಳದ ವಾಸನೆ ಅವನಿಗೆ ಒಗ್ಗರಣೆಯ ವಾಸನೆಯಿದ್ದಂತೆ. ಅವನೇ ತೀರ್ಪು ಕೊಟ್ಟ: “ಒಂದು ಕರೆ ಅವ್ನಿಗೆ, ಒಂದು ಕರೆ ಇವ್ನಿಗೆ. ಮನೇಲಿ ಉಳಿದೋನು ಕೊಟ್ಟಿಗೆ ನೋಡ್ಕೋಬೇಕು.”

“ಮೊದಲ್ನೇದು ನಂದು,” ಎಂದ ಗಂಗಣ್ಣ. “ಆಮೇಲೆ, ಆರಿಸ್ಕೊಳ್ಳೋ ಹಂಗಿಲ್ಲ. ಯಾವ್ದು ಬಂದ್ರೆ ಅದು.” ಅಣ್ಣ ಉಳ್ಳವರ ಊಟಗಳನ್ನು ಇಟ್ಟುಕೊಂಡು ಇಲ್ಲದವರವನ್ನು ತನಗೆ ದಾಟಿಸಿಯಾನೆಂಬ ಭಯ ಅವನಿಗೆ.

“ಹೆಂಗಸ್ರಿಗೂ ಒಂದು ಕರೆ ಹಂಚ್ರಪ್ಪ,” ಎಂದಳು ತಾಯಿ ಮುನಿತಾಯಮ್ಮ, ಒಲೆಯ ಮುಂದಿನಿಂದ. ಅದು ಯಾರಿಗೂ ಕೇಳಿಸಲಿಲ್ಲ.

ಮರುದಿನ ಬೆಳಕು ಹರಿಯುವಾಗ ಬೇಲಿಯ ಆಚೆ ಒಬ್ಬ ಆಳು ನಿಂತಿದ್ದ. “ತ್ಯಾಮಗೊಂಡ್ಲು ಚಿಕ್ಕಬೀರಪ್ನೋರ ಮನೆಯಿಂದ ಬಂದಿವ್ನಿ. ಇವತ್ತೇ ಮನೆಗೊಬ್ರು ಬರ್ಬೇಕಂತೆ.”

ಚಿಕ್ಕಬೀರಪ್ಪ ದಾಯಾದಿ. ತೆಂಗಿನ ತೋಟದ ಕುಳ, ಮದುವೆಗೆ ಬಂದ ಹೆಣ್ಣುಮಕ್ಕಳಿದ್ದ ಮನೆ. ಗಂಗಣ್ಣನ ಬಾಯಲ್ಲಿ ನೀರೂರಿತು.

“ನಾನೇ ಬರ್ತೀನಿ.”

“ವಿಷಯ ಏನಪ್ಪಾ ಅಂದ್ರೆ...”

“ವಿಷಯ ಅಲ್ಲೇ ಬಂದು ನೋಡ್ತೀನಿ. ನಮ್ಮಣ್ಣ ಎದ್ದುಬಿಟ್ಟಾನು, ನೀನು ನಡಿ ಮೊದ್ಲು.”

ಆಳಿಗೆ ಇನ್ನೂ ಎಷ್ಟೋ ಊರು ತಿರುಗುವುದಿತ್ತು. ಹೊರಟುಹೋದ.

ಹೆಂಡತಿ ಭಾಗ್ಯಮ್ಮ ಮುದ್ದೆ ಬಡಿಸಲು ಬಂದಳು. “ಬ್ಯಾಡ ಕಣೆ, ಹೊಟ್ಟೇಲಿ ಜಾಗ ಇರ್ಬೇಕು,” ಎಂದ ಗಂಗಣ್ಣ. ಅಪ್ಪಯ್ಯಣ್ಣನಿಂದ ಬಿಳಿ ಕೋಟು ಎರವಲು ತಂದು ತೊಟ್ಟ. ಅಷ್ಟರಲ್ಲಿ ಪಿಳ್ಳಪ್ಪ ಎದ್ದು, ಮಾತು ಕೊಟ್ಟಂತೆ ಬುಟ್ಟಿ ಹಿಡಿದು ಕೊಟ್ಟಿಗೆಗೆ ಇಳಿದ. ಗಂಗಣ್ಣ ಬಾಗಿಲಲ್ಲಿ ನಿಂತು ಆ ದೃಶ್ಯವನ್ನು ಸವಿದ. “ಆ ಮೂಲೇಲಿ ಬಿಟ್ಟಿದ್ದೀಯ ನೋಡಣ್ಣಾ.”

ಪೆಟ್ರೋಲು ಸಿಕ್ಕದ್ದರಿಂದ ಬಸ್ಸು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡಿತ್ತು. ದಿಬ್ಬ ಕಂಡಲ್ಲೆಲ್ಲ ಮುದಿ ಎಮ್ಮೆಯಂತೆ ನಿಂತುಬಿಡುತ್ತಿತ್ತು. ಟಿಕೆಟ್ಟು ಕೊಂಡವರೇ ಇಳಿದು ತಳ್ಳಬೇಕು. ತ್ಯಾಮಗೊಂಡ್ಲು ತಲುಪುವ ಹೊತ್ತಿಗೆ ಗಂಗಣ್ಣನ ಕೋಟು ಒಲೆಯ ಮೇಲಿನ ಮಡಕೆಯ ಬಣ್ಣಕ್ಕೆ ತಿರುಗಿತ್ತು, ಹೊಟ್ಟೆ ಬೆನ್ನಿಗೆ ಅಂಟಿತ್ತು.

ಚಿಕ್ಕಬೀರಪ್ಪನ ಮನೆಯ ಮುಂದೆ ಚಪ್ಪರವಿರಲಿಲ್ಲ, ಓಲಗವಿರಲಿಲ್ಲ. ಅಂಗಳದ ತುಂಬ ಬೋಳುತಲೆಗಳು, ಸಂತೆಯಲ್ಲಿ ಬೂದುಗುಂಬಳ ಸುರಿದಂತೆ. ಹೊಂಗೆಮರದ ಕೆಳಗೆ ಕ್ಷೌರಿಕ ಕತ್ತಿ ಮಸೆಯುತ್ತಿದ್ದ.

“ಬಾರಪ್ಪಾ,” ಎಂದ ಚಿಕ್ಕಬೀರಪ್ಪ. “ಚಿನ್ನದ ಗಣಿಗೆ ಹೋಗಿದ್ದ ನಮ್ಮಣ್ಣ ತೀರ್ಕೊಂಡು ತಿಂಗಳಾಯ್ತಂತೆ. ಸುದ್ದಿ ಬಂದಿದ್ದು ನೆನ್ನೆ. ಎಲ್ಲಾ ಇವತ್ತೇ ಮುಗಿಸ್ತಾ ಇದ್ದೀವಿ. ದಾಯಾದಿಗಳಲ್ಲಿ ಮನೆಗೊಬ್ರು ತಲೆ ಕೊಡ್ಬೇಕು. ನಿಮ್ಮನೇದೊಂದೇ ಬಾಕಿ, ಕೂತ್ಕೋ.”

ಗಂಗಣ್ಣ ಎರಡು ಹೆಜ್ಜೆ ಹಿಂದೆ ಸರಿದ. “ನಮ್ಮಣ್ಣ ಹಿರೀಕ. ಇಂಥದ್ದಕ್ಕೆ ಅವ್ನೇ ಬಂದ್ರೆ ಚೆಂದ. ಕಳಿಸ್ತೀನಿ.”

“ಬಂದಿರೋ ತಲೆ ಬಿಟ್ಟು ಬರ್ದೇ ಇರೋ ತಲೆ ಕಾಯ್ತಾರೇನೋ?”

ಕ್ಷೌರಿಕ ತಲೆ ಮುಗಿಸಿ, “ಮೀಸೆ ಭಾಳ ಚೆಂದಾಗಿ ಬೆಳೆಸಿದ್ದೀರ,” ಎಂದು ಮೆಚ್ಚಿ, ಅದನ್ನೂ ತೆಗೆದ.

ಆದದ್ದಾಯಿತು, ಊಟವಾದರೂ ಇದೆಯಲ್ಲ ಎಂದುಕೊಂಡ ಗಂಗಣ್ಣ. ಒಳಗಿಂದ ಅನ್ನದ ಘಮ ಬರುತ್ತಿತ್ತು. ಆದರೆ ಸತ್ತವನ ಹೆಸರಿನ ಎಡೆಯನ್ನು ಕಾಗೆ ಮುಟ್ಟುವ ಮುನ್ನ ಯಾರೂ ಉಣ್ಣುವಂತಿಲ್ಲ. ಕಾಗೆಗಳೇನೋ ಬಂದವು. ಹೆಂಚಿನ ಮೇಲೆ ಸಾಲಾಗಿ ಕೂತು ಫಳಫಳ ಹೊಳೆಯುವ ಬುರುಡೆಗಳನ್ನು ನೋಡಿದವೇ ಹೊರತು ಕೆಳಗಿಳಿಯಲಿಲ್ಲ.

“ಸತ್ತೋನಿಗೆ ಯಾರ ಮೇಲೋ ಮುನಿಸೈತೆ,” ಎಂದಳೊಬ್ಬಳು ಮುದುಕಿ. ಒಬ್ಬೊಬ್ಬರೇ ಎದ್ದು ಕೈಮುಗಿದು ತಪ್ಪೊಪ್ಪಿಕೊಳ್ಳತೊಡಗಿದರು. ಗಂಗಣ್ಣನೂ ಮುಗಿದ: “ನನ್ನದೇನೂ ತಪ್ಪಿಲ್ಲ ಕಣಪ್ಪಾ, ನಾನು ನಿನ್ನ ಮುಖಾನೇ ನೋಡಿಲ್ಲ. ಬೇಗ ಮುಟ್ಟು.” ಅದೇ ಹೊತ್ತಿಗೆ ಕೊನೆಯ ಬಸ್ಸು ಕೂಗಿತು. ಓಡಿದ.

ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ಗುರುತು ಹತ್ತದೆ ಭಾಗ್ಯಮ್ಮ, “ಯಾರು ಬೇಕಿತ್ತು?” ಎಂದಳು. ಪಿಳ್ಳಪ್ಪ ಜಗಲಿಯ ಮೇಲೆ ಒರಗಿದ್ದ, ಬಾಯಿ ಕೆಂಪಗಿತ್ತು. ಪಕ್ಕದಲ್ಲಿ ಅಪ್ಪಯ್ಯಣ್ಣ. ಗಂಗಣ್ಣ ನಡೆದದ್ದನ್ನೆಲ್ಲ ಹೇಳಿ ಮುಗಿಸಿ, ಆ ಬಾಯಿಯನ್ನೇ ದಿಟ್ಟಿಸಿದ.

“ಎಲ್ಲಿ ಉಂಡೆ?”

“ನೀನು ಅತ್ತ ಹೋದೆ, ಇತ್ತ ಮೇಲಿನ ಬೀದಿ ವೆಂಕಟರಾಮಪ್ಪನ ಮಗಳನ್ನ ನೋಡೋಕ್ ಬಂದೋರು ಒಪ್ಕೊಂಡುಬಿಟ್ರು. ಅಲ್ಲೇ ವೀಳ್ಯಶಾಸ್ತ್ರ, ಒಬ್ಬಟ್ಟಿನೂಟ. ಎರಡ್ನೇ ಕರೆ ನಂದು. ಆರಿಸೋ ಹಂಗಿಲ್ಲ, ಹೋದೆ.”

ಗಂಗಣ್ಣನ ಮುಖ ಒಮ್ಮೆಲೇ ಅರಳಿತು. “ಸಾವಾಗಿರೋ ಮನೆಯೋನು ಶುಭದ ಊಟ ಉಂಡ್ಯಾ? ಸೂತಕದಲ್ಲಿ? ಅಪ್ಪಯ್ಯಣ್ಣಾ, ಇವ್ನಿಗೆ ದಂಡ ಹಾಕ್ಸು.”

ಅಪ್ಪಯ್ಯಣ್ಣ ಎಲೆಗೆ ಸುಣ್ಣ ಸವರಿದ. “ಹಳೇ ಸಾವಿಗೆ ಸುದ್ದಿ ಕಿವಿಗೆ ಬಿದ್ದ ಮೇಲೆ ತಾನೇ ಸೂತಕ? ಮಧ್ಯಾಹ್ನ ಇವ್ನಿಗೆ ಯಾರ್ ಹೇಳಿದ್ರು?”

“ಆ ಆಳಿನ ಬಾಯಿ ನೀನು ಮುಚ್ಚಿಸ್ದೇ ಇದ್ದಿದ್ರೆ ನನ್ನೂಟಾನೂ ಹೋಗ್ತಿತ್ತು,” ಎಂದ ಪಿಳ್ಳಪ್ಪ. “ದೊಡ್ಡ ಮನಸ್ಸು ಕಣ್ಲಾ ನಿಂದು.”

“ಮುಂದಿನ ಕರೆ ನಂದು.”

“ನಿಂದೇ. ಆದ್ರೆ ಕೂದ್ಲು ಬರೋಗಂಟ ಯಾವ ಶುಭದ ಪಂಕ್ತೀಲಿ ಕೂರಿಸ್ತಾರೆ ನಿನ್ನ? ಅಲ್ಲೀಗಂಟ ಮನೇಲಿ ಉಳಿದೋನಿಗೆ ಕೊಟ್ಟಿಗೆ.”

ಒಳಗಿಂದ ಚುಸ್ಸೆಂದು ಸದ್ದು ಬಂತು. ಮುನಿತಾಯಮ್ಮ ಒಲೆಗೆ ನೀರು ಸುರಿದಿದ್ದಳು. “ಈಗ ಎಲ್ರ ಕಿವಿಗೂ ಬಿತ್ತಲ್ಲಪ್ಪ ಸುದ್ದಿ. ಸೂತಕದ ರಾತ್ರಿ ಒಲೆ ಉರಿಯಂಗಿಲ್ಲ. ಮಾಡಿದ್ದು ದನಕ್ಕೆ ಹಾಕಿ ಬಾ, ಗಂಗಣ್ಣ.”

ಗಂಗಣ್ಣ ಮುದ್ದೆಯ ಮಡಕೆ ಹೊತ್ತು ಕೊಟ್ಟಿಗೆಗೆ ನಡೆದ. ಆ ದಿನ ಅವನಿಗೆ ಹೋದದ್ದು ತಲೆಗೂದಲು, ಒಂದು ಮೀಸೆ, ನಾಲ್ಕು ಊಟ: ಬೆಳಗಿನ ಮುದ್ದೆ, ಕಾಗೆ ಮುಟ್ಟದ ಅನ್ನ, ಅಣ್ಣ ಉಂಡ ಒಬ್ಬಟ್ಟು, ಈ ರಾತ್ರಿಯ ಮುದ್ದೆ.