ಫೈಲು ಕಾಯುವ ತಂತ್ರಾಂಶದವರ ಸನ್ನಿಧಾನಕ್ಕೆ

ಲಿನಕ್ಸ್ ಕಂಪ್ಯೂಟರಿನೊಳಗೆ ಕೂತು ಫೈಲುಗಳ ಮೇಲೆ ಕಣ್ಣಿಟ್ಟಿರುವ ಮಾನ್ಯರೇ,

ತಿಕೋಟಾದ ಮುದ್ರಣಾಲಯದಲ್ಲಿ ಮೊನ್ನೆಯವರೆಗೆ ಲಗ್ನಪತ್ರಿಕೆ ಜೋಡಿಸುತ್ತಿದ್ದ, ಒಂಬತ್ತನೇ ಇಯತ್ತೆಗೇ ಶಾಲೆಗೆ ಕೈಮುಗಿದ ಸಂಗು ಮಾಡುವ ಸಾವಿರ ಶರಣು. ಕಣ್ಣು ಮಿಟುಕಿಸದೆ, ಚಹಾ ಕುಡಿಯದೆ, ರಜೆ ಕೇಳದೆ ಕಾವಲು ಕಾಯುವ ತಮ್ಮ ನಿಷ್ಠೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಫೈಲಿನಲ್ಲಿ ಒಂದು ಚುಕ್ಕೆ ಅಲುಗಿದರೂ ಮಾಲೀಕರ ಮೊಬೈಲಿಗೂ ನನ್ನ ಮೊಬೈಲಿಗೂ ‘ಬದಲಾಗಿದೆ’ ಎಂದು ಸುದ್ದಿ ಮುಟ್ಟಿಸುತ್ತೀರಿ. ಯಾರು ಬದಲಿಸಿದರು ಎಂಬ ಕ್ಷುಲ್ಲಕ ವಿಷಯಕ್ಕೆ ಮಾತ್ರ ತಮ್ಮಂಥ ದೊಡ್ಡವರು ಬಾಯಿ ಹಾಕುವುದಿಲ್ಲ.

ಕಳ್ಳಕವಟಗಿಯ ಶೈಲಶ್ರೀಯ ಲಗ್ನಪತ್ರಿಕೆಯನ್ನೇ ನೋಡಿ. ಅವಳ ಕಾಕಾ ಅಮೋಘಿಯವರಿಗೂ ಸೋದರಮಾವ ಶಿವಾಜಿಯವರಿಗೂ ಮಾತು ಬಿಟ್ಟಿರುವುದು ನಮ್ಮ ಬಸ್ ನಿಲ್ದಾಣಕ್ಕೂ ಗೊತ್ತು. ಪತ್ರಿಕೆ ನೋಡಲು ಬಂದ ಕಾಕಾ ಅವರಿಗೆ ಚಹಾ ತರಲು ಮಾಲೀಕ ಶಿವಶರಣಪ್ಪನವರು ನನ್ನನ್ನು ಕಳಿಸಿದರು. ಮರಳಿದಾಗ ಕಾಕಾ ನನ್ನ ಖುರ್ಚಿಯಲ್ಲಿದ್ದರು, ತಾವು ‘ಬದಲಾಗಿದೆ’ ಎಂದು ಕೂಗಿಯೂ ಆಗಿತ್ತು. ದಿನವಿಡೀ ಕೂಗುವವರ ಕೂಗಿಗೆ ಯಾರು ಕಿವಿಗೊಡುತ್ತಾರೆ? ಹಂಚಿದ ಪತ್ರಿಕೆಯಲ್ಲಿ ಸೋದರಮಾವನ ಹೆಸರೇ ಇರಲಿಲ್ಲ. ಶಿವಾಜಿಯವರು ಲಗ್ನಕ್ಕೆ ಬರುವುದಿಲ್ಲವೆಂದು ಹಟ ಹಿಡಿದರು. ಸೋದರಮಾವನಿಲ್ಲದೆ ಮದುಮಗಳನ್ನು ಅಕ್ಷತೆಗೆ ಕರೆತರುವವರಾದರೂ ಯಾರು?

“ಲೇ ಸಂಗ್ಯಾ, ಖುರ್ಚಿ ನಿಂದು, ತಪ್ಪೂ ನಿಂದ. ಕೈ ತಪ್ಪಿ ಆತ್ರಿ ಅಂತ ಒಂದ್ ಮಾತ್ ಅಂದ್ಬಿಡು, ಕೆಲಸ ಉಳಿತೈತಿ” ಎಂದರು ಮಾಲೀಕರು. ಮಾಡದ್ದನ್ನು ಮಾಡಿದೆ ಎನ್ನಲಾರೆ. ಕಾಕಾ ಅವರ ಬೆರಳು ಕೀಲಿಮಣೆಯ ಮೇಲಿದ್ದುದನ್ನು ಕಾಣದೆ ಕಂಡೆ ಎಂದೂ ಹೇಳಲಾರೆ. ಖುರ್ಚಿಯಲ್ಲಿ ಕೂತಿದ್ದನ್ನು ಕಂಡೆ, ಅಷ್ಟನ್ನೇ ಹೇಳಿದೆ. ಕೆಲಸ ಹೋಯಿತು. ತಾವು ಎಂದಿನಂತೆ ಸೇವೆಯಲ್ಲಿದ್ದೀರಿ.

ಬಿಜ್ಜರಗಿಯ ನಮ್ಮ ಕುರಿಹಟ್ಟಿಯ ನಾಯಿಗೆ ತಮ್ಮಷ್ಟು ವಿದ್ಯೆಯಿಲ್ಲ. ಆದರೂ ಅದು ಬಂದವನ ಕಡೆಗೇ ಮುಖ ಮಾಡಿ ಬೊಗಳುತ್ತದೆ. ಆದ್ದರಿಂದ ತಾವು ದಯಮಾಡಿ ಅದರ ಕೈಕೆಳಗೆ ಕೆಲಕಾಲ ತರಬೇತಿಗೆ ಬರಬೇಕು. ಬರುವಾಗ ನನ್ನ ಖುರ್ಚಿಯನ್ನೂ ಹೊತ್ತು ತಂದು, ಅಂದು ಏನು ನಡೆಯಿತೆಂದು ಆ ಖುರ್ಚಿಯ ಬಾಯಿಂದಲೇ ಊರ ಮುಂದೆ ಹೇಳಿಸಬೇಕು. ಅದಾಗದಿದ್ದರೆ ಲಗ್ನದ ದಿನ ಶೈಲಶ್ರೀಯನ್ನು ತಾವೇ ಕೈಹಿಡಿದು ಅಕ್ಷತೆಗೆ ಕರೆತರಬೇಕೆಂದು ವಿನಂತಿ.

ತಮ್ಮ ಮೇಲೆ ವಿಶ್ವಾಸ ಉಳಿಯದಿದ್ದರೂ
ತಮ್ಮ ವಿಶ್ವಾಸಿ,
ಸಂಗು, ಬಿಜ್ಜರಗಿ

ತಾ.ಕ.: ನನ್ನನ್ನು ಹೊರಹಾಕಿದವರು ತಾವು ಸುದ್ದಿ ಮುಟ್ಟಿಸುವವರ ಪಟ್ಟಿಯಿಂದ ನನ್ನ ಮೊಬೈಲ್ ನಂಬರು ತೆಗೆಯಲು ಮರೆತಿದ್ದಾರೆ. ಶಿವಾಜಿಯವರ ಹೆಸರು ಸೇರಿಸಿ ಮರುಮುದ್ರಣಕ್ಕೆ ನಾನೇ ಸಿದ್ಧಪಡಿಸಿಟ್ಟು ಬಂದಿದ್ದ ಅದೇ ಫೈಲು ಈಗಷ್ಟೇ ಮತ್ತೆ ‘ಬದಲಾಗಿದೆ’ಯಂತೆ. ನಾನು ಇಲ್ಲಿ ಹಟ್ಟಿಯಲ್ಲಿ ಕೂತು ಈ ಪತ್ರ ಬರೆಯುತ್ತಿದ್ದೇನೆ. ಈ ಸಲ ಚಹಾ ತರಲು ಯಾರನ್ನು ಕಳಿಸಿದ್ದಾರೋ ಕೇಳಿ ನೋಡಿ.