ಅಜ್ಜನ ಬಂದೂಕಿನ ಕುದುರೆ

ಕೈಯಲ್ಲಿದ್ದ ವಸ್ತು ಮುರಿದಾಗ ಜನರಲ್ಲಿ ಎರಡು ಜಾತಿ. ಕೆಲವರು ರಿಪೇರಿಗೆ ಒಯ್ಯುತ್ತಾರೆ, ಕೆಲವರು ಬಚ್ಚಿಡುತ್ತಾರೆ. ನಾನು ಬಚ್ಚಿಡುವ ಜಾತಿಯವನು. ಚಿಕ್ಕಂದಿನಲ್ಲಿ ಒಡೆದ ಚಹಾ ಕಪ್ಪನ್ನು ಜೋಳದ ಚೀಲದಲ್ಲಿ ಹುಗಿದಿಟ್ಟಿದ್ದೆ. ಅದು ಜೋಳದ ಜೊತೆ ಗಿರಣಿಗೆ ಹೋಗಿ, ಗಿರಣಿಯವನು ನಮ್ಮ ಮನೆಯವರೆಗೂ ಬೈಯುತ್ತ ಬಂದಿದ್ದ. ಐವತ್ತು ದಾಟಿದ ಮೇಲೂ ಆ ಬುದ್ಧಿ ಹೋಗಿಲ್ಲ.

ಅಫಜಲಪುರದ ನಮ್ಮ ಮನೆಯಲ್ಲಿ ಅಜ್ಜನ ಕಾಲದ ಬಂದೂಕು ಒಂದಿದೆ. ಭೀಮಾ ದಂಡೆಯ ಹೊಲದಿಂದ ಹಂದಿ ಓಡಿಸಲು ಇಟ್ಟುಕೊಂಡದ್ದು. ಅಪ್ಪ ಅದರ ನಳಿಕೆಗೆ ಸೀಸ ಹೊಯ್ಸಿ ಮುಚ್ಚಿಸಿ, ಪೊಲೀಸ್ ಠಾಣೆಯ ಕಾಗದವನ್ನು ಟ್ರಂಕಿನಲ್ಲಿ ಇಟ್ಟಿದ್ದರು. ಆಮೇಲೆ ಅದಕ್ಕೆ ಉಳಿದದ್ದು ಒಂದೇ ಕೆಲಸ. ದಸರೆಯ ಖಂಡೇನವಮಿಯ ಆಯುಧಪೂಜೆ ಮುಗಿದ ಕೂಡಲೇ ಅಪ್ಪ ಅದರ ಕುದುರೆಯನ್ನು ಹೆಬ್ಬೆರಳಿನಿಂದ ಎತ್ತಿ ಬಿಡುತ್ತಿದ್ದರು. ಕುದುರೆ ಎಂದರೆ ಬಂದೂಕಿನ ಮೇಲೆ ಕತ್ತು ಬಗ್ಗಿಸಿ ಕೂತಿರುವ ಕಬ್ಬಿಣದ ತುಂಡು. ಅದು ಟಕ್ ಎಂದು ಬಿದ್ದ ಮೇಲೆಯೇ ನಮಗೆಲ್ಲ ಹೋಳಿಗೆ. ಅಪ್ಪನಿಗೆ ಕಣ್ಣು ಪೂರ್ತಿ ಹೋದ ಮೇಲೆ ಎತ್ತುವ ಕೆಲಸ ನನಗೆ ಬಂತು, ಕೇಳುವ ಕೆಲಸ ಅವರಿಗೆ ಉಳಿಯಿತು.

ಹೋದ ವರ್ಷ ಹಬ್ಬಕ್ಕೆ ಎರಡು ವಾರ ಮುಂಚೆ ಎಣ್ಣೆ ಹಚ್ಚಲು ಬಂದೂಕು ಇಳಿಸಿದವನು ಕಲ್ಲುಹಾಸಿನ ಮೇಲೆ ಕೆಡವಿದೆ. ಕುದುರೆ ಎರಡು ತುಂಡಾಯಿತು. ಅಪ್ಪನಿಗೆ ಗೊತ್ತಾಗಬಾರದೆಂದು ಎರಡೂ ತುಂಡುಗಳನ್ನು ಹಳೆ ಕಬ್ಬಿಣದ ಚೀಲದ ತಳಕ್ಕೆ ಸೇರಿಸಿದೆ. ಮೂರನೆಯ ದಿನ ನಾನು ಶಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದಾಗ, ಹಳೆ ಕಬ್ಬಿಣ ಕೊಳ್ಳುವ ಮೋಡಕಾ ಸಾಮಾನಿನವನು ಬಂದ. ಅವ್ವ ಚೀಲ ಕೊಟ್ಟು, ಬದಲಿಗೆ ಚಟ್ನಿಗೆಂದು ಬಳ್ಳೊಳ್ಳಿ ತೆಗೆದುಕೊಂಡಳು. ಆ ವರ್ಷ ಅಜ್ಜನ ಬಂದೂಕಿನ ಕುದುರೆಯನ್ನು ನಾವೆಲ್ಲ ಶೇಂಗಾ ಚಟ್ನಿಯಲ್ಲಿ ತಿಂದು ಮುಗಿಸಿದೆವು. ಅಪ್ಪನಂತೂ ಎರಡೆರಡು ಸಲ ಹಾಕಿಸಿಕೊಂಡರು.

ಹಬ್ಬದ ದಿನ ಬೇರೆ ದಾರಿ ಕಾಣದೆ, ಶಾಲೆಗೆ ಬುತ್ತಿ ಒಯ್ಯುವ ನನ್ನ ಸ್ಟೀಲ್ ಡಬ್ಬಿಯ ಕೊಂಡಿಯನ್ನು ಬಂದೂಕಿನ ಪಕ್ಕ ಹಿಡಿದು ಟಕ್ ಎನ್ನಿಸಿದೆ. ಅಪ್ಪ ಕಿವಿಯನ್ನು ಬಂದೂಕಿನ ಕಡೆ ತಿರುಗಿಸಿದರು. ಆಮೇಲೆ, “ಛಲೋ ಬಿತ್ತು ನೋಡು ತಮ್ಮಾ. ಹೋಳಗಿ ನೀಡ್ರಿ,” ಎಂದರು. ಆ ಹೋಳಿಗೆ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಮೂರು ತಿಂದೆ, ಮೂರೂ ಇಳಿಯಲಿಲ್ಲ.

ಮುಂದಿನ ಹಬ್ಬಕ್ಕೆ ಅಪ್ಪನಿಗೆ ಖರೇ ಸಪ್ಪಳ ಕೇಳಿಸಲೇಬೇಕೆಂದು ಬಂದೂಕನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಆಳಂದದ ಖಾಸಿಂ ಚಾಚಾರ ಹತ್ತಿರ ಹೋದೆ. ಬೀಗ, ಹೊಲಿಗೆ ಮಷಿನ್ ರಿಪೇರಿ ಮಾಡುವ ಮುದುಕರು. ಹಳೆ ಬಂದೂಕಿನ ತುಂಡುಗಳನ್ನು ಬರೀ ಅರ ಹಿಡಿದು ಕೈಯಿಂದಲೇ ಮಾಡಬಲ್ಲವರು.

“ಮುರದದ್ದು ಎಲ್ಲದರಿ? ಅದನ್ನ ನೋಡೇ ಮಾಡಬೇಕಲ್ರಿ,” ಎಂದರು. ಬಳ್ಳೊಳ್ಳಿಯ ಕಥೆ, ಡಬ್ಬಿಯ ಕಥೆ ಎರಡೂ ಹೇಳಿದೆ. ಅವರು ನಗಲಿಲ್ಲ.

“ಡ್ರಾಯಿಂಗ್ ಮಾಸ್ತರ್ ಅಂತೀರಿ. ಚಿತ್ರಾನಾದ್ರೂ ತಗೀರಿ.”

ಹುಟ್ಟಿದಾಗಿನಿಂದ ಕಂಡ ಕುದುರೆಯನ್ನು ಬೆವರು ಸುರಿಸಿ ಬರೆದೆ. ಚಾಚಾ ಕಾಗದ ತಿರುಗಿಸಿ ನೋಡಿ, “ಗಿಣಿ ಛಂದ ಬಂದದ. ಕುದುರಿ ಎಲ್ಲದ?” ಎಂದರು.

ಕೊನೆಗೆ ಅವರು ನನ್ನನ್ನು ನಂಬದೆ, ಕುದುರೆ ಕೂತು ಸವೆದ ಜಾಗವನ್ನು ನಂಬಿದರು. ಆ ಜಾಗಕ್ಕೆ ಚಿಮಣಿ ದೀಪದ ಮಸಿ ಹಚ್ಚಿ ಹೊಸ ತುಂಡನ್ನು ಒತ್ತಿ ತೆಗೆಯುವುದು, ಮಸಿ ಹತ್ತಿದ ಕಡೆ ಅರದಿಂದ ಎರಡೇ ಸಲ ಉಜ್ಜುವುದು, ಮತ್ತೆ ಮಸಿ. ಹೀಗೆ ತಿಂಗಳುಗಟ್ಟಲೆ. ಎರಡು ಕುದುರೆಗಳನ್ನು ತಾವೇ ಮಾಡಿ ತಾವೇ ಬಿಸಾಕಿದರು. ನಾನು ರವಿವಾರಕ್ಕೊಮ್ಮೆ ಹೋಗಿ ಬರಿಗೈಯಲ್ಲಿ ಬರುತ್ತಿದ್ದೆ. ಅಷ್ಟರಲ್ಲಿ ಅಪ್ಪ ಹಾಸಿಗೆ ಹಿಡಿದಿದ್ದರು.

“ಗುಂಡು ಹಾರಸೋದಿಲ್ರಿ ಚಾಚಾ. ಸಪ್ಪಳ ಬಂದ್ರ ಸಾಕು,” ಎಂದು ಒಂದು ದಿನ ಅವಸರ ಮಾಡಿದೆ.

“ಸಪ್ಪಳಕ್ಕ ನಿಮ್ಮ ಡಬ್ಬಿ ಸಾಕಲ್ರಿ. ನಾ ನಿಮ್ಮ ಅಪ್ಪಾರ ಕಿವಿಗಿ ಮಾಡಾಕತ್ತೇನಿ. ಕೂಡ್ರಿ,” ಎಂದರು.

ಶ್ರಾವಣದಲ್ಲಿ ಅಪ್ಪ ಹೋದರು. ತಿಂಗಳು ಕಳೆದು ಆಳಂದಕ್ಕೆ ಹೋದಾಗ ಕುದುರೆ ಸಿದ್ಧವಾಗಿತ್ತು. ಚಾಚಾ ಎತ್ತಿ ಬಿಟ್ಟರು. ಟಕ್. ಅಪ್ಪನ ಹೆಬ್ಬೆರಳಿನ ಕೆಳಗೆ ಬೀಳುತ್ತಿದ್ದ ಅದೇ ಸಪ್ಪಳ.

“ಅಪ್ಪಾರಿಗಿ ಕೇಳಸ್ರಿ ಮಾಸ್ತರ್,” ಎಂದು ಮಸಿ ಕೈಯಿಂದ ನನ್ನ ಭುಜ ತಟ್ಟಿದರು. ಅವರ ಮುಖದಲ್ಲಿ ಅಷ್ಟು ಖುಷಿ ಇತ್ತು. ಅಪ್ಪ ಇಲ್ಲ ಎಂಬುದನ್ನು ಹೇಳದೆ, “ಹೂಂರಿ,” ಎಂದೆ. ಅದನ್ನೂ ಬಚ್ಚಿಟ್ಟೆ. ಬಸ್ಸಿನಲ್ಲಿ ಬಂದೂಕಿನ ಗಂಟು ತೊಡೆಯ ಮೇಲಿಟ್ಟುಕೊಂಡು ಊರು ಬರುವವರೆಗೂ ಅತ್ತೆ.

ಸಾವಾದ ಮನೆಯಾದ್ದರಿಂದ ಈ ಸಲದ ಹಬ್ಬಕ್ಕೆ ಹೋಳಿಗೆ ಇರಲಿಲ್ಲ. “ಬಂದೂಕಾದ್ರೂ ಪೂಜಿಗಿ ಇಡು,” ಎಂದಳು ಅವ್ವ. ಇಟ್ಟು, ವಿಭೂತಿ ಹಚ್ಚಿ, ಕುದುರೆ ಎತ್ತಿ ಬಿಟ್ಟೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ತಡೆಯಲಾರದೆ ಎಲ್ಲವನ್ನೂ ಅವಳೆದುರು ಒಪ್ಪಿಕೊಂಡೆ.

“ಡಬ್ಬಿದು ನಿಮ್ಮಪ್ಪಗ ಅವತ್ತೇ ಗೊತ್ತಿತ್ತು,” ಎಂದಳು. “ಊಟ ಆದಮ್ಯಾಲ ನನಗ ಹೇಳಿದ್ರು. ‘ಕುದುರಿ ಮುರದಾನ, ಡಬ್ಬಿ ಕೊಂಡಿ ಹಾಕ್ಯಾನ. ನಾ ಛಲೋ ಬಿತ್ತು ಅಂದೀನಿ. ನೀ ಏನೂ ಕೇಳಬ್ಯಾಡ, ನಾಚಗೋತಾನ’ ಅಂದ್ರು.”

ಅಪ್ಪನೂ ಬಚ್ಚಿಡುವ ಜಾತಿಯವರೇ ಎಂದು ನನಗೆ ಗೊತ್ತಾದದ್ದು ಆಗ. ನಾನು ಬಚ್ಚಿಟ್ಟದ್ದು ನನ್ನ ತಪ್ಪನ್ನು. ಅವರು ಬಚ್ಚಿಟ್ಟದ್ದೂ ನನ್ನ ತಪ್ಪನ್ನೇ. ಎದ್ದು ಹೋಗಿ ಡಬ್ಬಿಯನ್ನು ತಂದು ಬಂದೂಕಿನ ಪಕ್ಕ ಇಟ್ಟೆ, ಅದಕ್ಕೂ ವಿಭೂತಿ ಹಚ್ಚಿದೆ. ಈಗ ಡಬ್ಬಿಯನ್ನು ಅಲ್ಲೇ ಬಿಟ್ಟು, ಶಾಲೆಗೆ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗುತ್ತೇನೆ. ಡಬ್ಬಿ ಎಲ್ಲಿ ಎಂದು ಕೇಳಿದವರಿಗೆ, ಕೊಂಡಿ ಮುರಿದಿದೆ, ರಿಪೇರಿಗೆ ಕೊಟ್ಟಿದ್ದೇನೆ ಎನ್ನುತ್ತೇನೆ.