ಸೋಫಾ ಮೇಲಿನ ಐದು ವಿಮಾನ

ಮಗಳು ಸುಕೃತಿಯ ಐದು ಥರ್ಮಾಕೋಲ್ ವಿಮಾನಗಳು ಸೋಫಾದ ಮೇಲೆ, ದೂಳು ಬೀಳದಿರಲೆಂದು ಹೊದಿಸಿದ್ದ ದುಪಟ್ಟಾದ ಕೆಳಗಿದ್ದವು. ಸುಧೀಂದ್ರ ಬೂಟಿನ ಲೇಸು ಕಟ್ಟಲು ಕೂತದ್ದು ಸರಿಯಾಗಿ ಅವುಗಳ ಮೇಲೆ.

ಲಟಕ್ಕೆಂದಿತು. ಎರಡು ವಿಮಾನಗಳ ರೆಕ್ಕೆ ಮುರಿದಿತ್ತು.

"ಅಪ್ಪಾ, ಏನೂ ಮುಟ್ಬೇಡ. ಮೂರು ಗಂಟೆಗೆ ಕಾಲೇಜಿಗೆ ತಂದ್ಕೊಡು, ಸಾಕು" ಎಂದು ಹೇಳಿ ಹೋಗಿದ್ದಳು. ಗಣಿತದ ಪ್ರಾಜೆಕ್ಟು, ಇಪ್ಪತ್ತು ಅಂಕ, ಹದಿನೈದು ದಿನದ ಶ್ರಮ. ಹೋದ ವರ್ಷ ಅವಳ ಚಾರ್ಟನ್ನು ಹಳೇ ಪೇಪರಿನ ಜೊತೆ ತೂಕಕ್ಕೆ ಹಾಕಿದ್ದೂ ಈ ಮಹಾನುಭಾವನೇ. ಆಗ ಒಂದು ವಾರ ಮಗಳು ಮಾತು ಬಿಟ್ಟಿದ್ದಳು. ಈ ಸಲ ಎಷ್ಟು ವಾರವೋ!

ಗಮ್ಮು ಹಚ್ಚಿದ. ಹೆಬ್ಬೆರಳೇ ರೆಕ್ಕೆಗೆ ಅಂಟಿಕೊಂಡಿತು. ಅವನ "ಅಯ್ಯೋ!" ಕೇಳಿ ಪಕ್ಕದ ಮನೆಯ ವೆಂಕಟೇಶಪ್ಪ ಬಂದೇಬಿಟ್ಟರು.

"ಏನ್ರೀ, ಒಂದೇ ರೆಕ್ಕೆ ಕಟ್ಕೊಂಡು ಎಲ್ಲಿಗ್ ಹೊರಟ್ರಿ?"

ಮೂವತ್ತೆರಡು ವರ್ಷ ಸರ್ಕಾರಿ ಕಾರ್ಖಾನೆಯಲ್ಲಿ ಮಾಲಿನ ಅಳತೆ ನೋಡುವ ಇನ್‌ಸ್ಪೆಕ್ಟರ್ ಆಗಿದ್ದವರು. ರಿಟೈರಾದರೂ ಸ್ಟೀಲ್ ಸ್ಕೇಲು ಅವರ ಜೇಬು ಬಿಟ್ಟಿರಲಿಲ್ಲ. ಲಗ್ಗೆರೆಯ ಹೋಟೆಲುಗಳಲ್ಲಿ ಇಡ್ಲಿಯನ್ನೂ ಅಳೆದೇ ತಿನ್ನುತ್ತಿದ್ದರು. ಈಗ ಐದೂ ವಿಮಾನಗಳನ್ನು ಅಳೆದು ಮುಖ ಸಿಂಡರಿಸಿದರು.

"ಒಂದರ ರೆಕ್ಕೆ ಥರ ಇನ್ನೊಂದಿಲ್ವಲ್ರೀ! ಐದಕ್ಕೈದೂ ರಿಜೆಕ್ಟ್!"

"ಅವಸರದಲ್ಲಿ ಕತ್ತರಿಸಿರ್ತಾಳೆ ಸಾರ್. ನೀವೇ ಸರಿ ಮಾಡ್ಬಿಡಿ, ನಿಮ್ ಕಾಲಿಗ್ ಬೀಳ್ತೀನಿ."

ವೆಂಕಟೇಶಪ್ಪನವರ ಬ್ಲೇಡು ಆಡತೊಡಗಿತು. ಎರಡೂಕಾಲು ಗಂಟೆಗೆ ಐದರ ರೆಕ್ಕೆಗಳೂ ಒಂದೇ ಅಳತೆಗೆ ಬಂದಾಗ ಸುಧೀಂದ್ರನಿಗೆ ಹೋದ ಜೀವ ಬಂದಂತಾಯಿತು. ಡಬ್ಬವನ್ನು ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ವೆಂಕಟೇಶಪ್ಪನವರೂ ಸ್ಕೂಟರ್ ಏರಿದರು. ಪೀಣ್ಯದ ಲಾರಿಗಳ ನಡುವೆ ನುಸುಳಿ ಕಾಲೇಜು ಮುಟ್ಟಿದಾಗ ಮೂರಕ್ಕೆ ಎರಡೇ ನಿಮಿಷ.

"ಬೇಗ ಕೊಡಪ್ಪಾ!" ಸುಕೃತಿ ಡಬ್ಬ ಕಿತ್ತುಕೊಂಡು ವೇದಿಕೆಗೆ ಓಡಿದಳು.

ಸುಧೀಂದ್ರ ಸಭಾಂಗಣದಲ್ಲಿ ಕೂತು, ಬೆವರು ಒರೆಸಿಕೊಂಡು, ಹಲಗೆಯ ಮೇಲೆ ಮಗಳು ಬರೆದದ್ದನ್ನು ಮೊದಲ ಸಲ ಓದಿದ: 'ರೆಕ್ಕೆ ಉದ್ದವಾದಂತೆ ವಿಮಾನ ಎಷ್ಟು ದೂರ ತೇಲುತ್ತದೆ? ಐದು ಉದ್ದ, ಐದು ದೂರ.'

ವೇದಿಕೆಯ ಮೇಲಿನ ಡಬ್ಬ ನೋಡಿದ, ಪಕ್ಕದಲ್ಲಿ ಕೂತ ವೆಂಕಟೇಶಪ್ಪನವರ ಜೇಬಿನ ಸ್ಕೇಲು ನೋಡಿದ.

ಡಬ್ಬ ತೆರೆದ ಸುಕೃತಿ ಬೆಚ್ಚಿ ನಿಂತಳು. "ಟೈಮಾಯ್ತು, ಶುರು ಮಾಡಮ್ಮ" ಎಂದರು ಗಣಿತದ ಶರಣ್ಯ ಮೇಡಂ. ಮೊದಲ ವಿಮಾನ ತೇಲಿ ಏಳನೇ ಟೈಲ್ಸಿನ ಮೇಲೆ ಇಳಿಯಿತು. ಎರಡನೆಯದೂ ಅಲ್ಲೇ. ಮೂರು, ನಾಲ್ಕು, ಐದು, ಎಲ್ಲವೂ ಅಲ್ಲೇ. ಸುಕೃತಿಯ ಕಣ್ಣು ಅಪ್ಪನನ್ನು ಹುಡುಕಿತು. ಸುಧೀಂದ್ರ ಬಗ್ಗಿ ಬೂಟಿನ ಲೇಸು ಕಟ್ಟತೊಡಗಿದ.

ಪಕ್ಕದಲ್ಲಿ ವೆಂಕಟೇಶಪ್ಪ ಎದ್ದು ನಿಂತು ಜೋರಾಗಿ ಚಪ್ಪಾಳೆ ತಟ್ಟಿದರು.

"ನೋಡಿದ್ರಾ ಮೇಡಂ, ಒಂದೂ ರಿಜೆಕ್ಟ್ ಇಲ್ಲ! ಎಲ್ಲಾ ಇವರಪ್ಪನೇ ಹೇಳಿ ಮಾಡ್ಸಿದ್ದು. ಅಗೋ, ಕೆಳಗ್ ಬಗ್ಗಿದಾರಲ್ಲ, ಅವ್ರೇ!"